ಗದ್ದೆಯಿಂದ ಹೆಂಚಿನವರೆಗೆ

ಕಡರನಾಯಕನಹಳ್ಳಿಯ ಸೋದರಮಾವನ ಮನೆಗೆ ಹೋದಾಗಲೆಲ್ಲ ಒಂದು ದಿನ ದಾವಣಗೆರೆಗೆ ಮೀಸಲು. ಈ ಸಲ ಹೊರಡುವ ಮುನ್ನ ಮಾವ ಗದ್ದೆಯ ಬದುವಿನ ಮೇಲೆ ನಿಂತು, ಭದ್ರಾ ಕಾಲುವೆಯ ನೀರಲ್ಲಿ ತೆನೆಗಟ್ಟಿದ ಭತ್ತ ತೋರಿಸಿದರು. "ಇದರಾಗ ಒಂದು ಪಾಲು ಮಂಡಕ್ಕಿ ಭಟ್ಟಿಗೆ ಹೋಗ್ತತಿ. ನಡಿ, ಅದು ಹೋಗೋ ದಾರೀಲೇ ನಾವೂ ಹೋಗಾಣ."

ಹರಿಹರದಲ್ಲಿ ಬಸ್ಸು ಬದಲಿಸುವ ಮೊದಲು ಹರಿಹರೇಶ್ವರನಿಗೆ ಕೈಮುಗಿದೆವು. ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ ಅದು. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಅಲ್ಲಿಂದ ದಾವಣಗೆರೆ 14 ಕಿಲೋಮೀಟರ್.

ಮೊದಲು ಭಟ್ಟಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಉಪ್ಪುನೀರು ಸವರಿದ ಅಕ್ಕಿ ಕೆಂಪಗೆ ಕಾದ ಮರಳಿಗೆ ಬಿದ್ದೊಡನೆ ಮಲ್ಲಿಗೆಯಂತೆ ಅರಳುತ್ತದೆ. ಒಳಗೆ ಹೊಗೆ, ಬೆಂಕಿಯ ಝಳ. ಎರಡು ನಿಮಿಷಕ್ಕೇ ನಾನು ಬೆವತು ಹೊರಬಂದೆ. ಅಲ್ಲಿ ದುಡಿಯುವವರು ಇಡೀ ದಿನ ಅದೇ ಝಳದಲ್ಲಿ ನಿಂತಿರುತ್ತಾರೆ.

ಆಮೇಲೆ ಗಡಿಯಾರ ಕಂಬದ ಕಡೆಯ ಹಳೇ ಓಣಿಯ ದೋಸೆ ಹೋಟೆಲ್. ನಾಲ್ಕೇ ಬೆಂಚು. ಸೌದೆ ಒಲೆಯ ಮೇಲೆ ಅಗಲವಾದ ಹೆಂಚು, ಪಕ್ಕದ ಪಾತ್ರೆಯಲ್ಲಿ ಬಿಳಿ ಬೆಣ್ಣೆ. ಅಕ್ಕಿ, ಉದ್ದಿನ ಬೇಳೆಯ ಜೊತೆ ಮಂಡಕ್ಕಿಯನ್ನೂ ರುಬ್ಬಿದ ಹಿಟ್ಟು. ಅಂಚು ಗರಿಗರಿ, ಒಳಗೆ ಮೃದು. ಜೊತೆಗೆ ಒಗ್ಗರಣೆಯಿಲ್ಲದ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ನಾನು ಏನೋ ಕೇಳಲು ಹೊರಟೆ. "ಮೊದ್ಲು ತಿನ್ನು, ಆರಿದ್ಮೇಲೆ ಅದ್ರ ರುಚಿ ಹೋತು" ಎಂದರು ಮಾವ. ಎದುರಿಗೆ ಕೂತಿದ್ದ ಹಮಾಲರು ಖಾಲಿ ದೋಸೆ ಮುಗಿಸಿ ಎದ್ದರು. ಅದೇ ಜಾಗದಲ್ಲಿ ವಕೀಲರೊಬ್ಬರು ಕೂತರು.

ಈ ರುಚಿಯ ಹಿಂದೆ ಒಬ್ಬ ತಾಯಿ ಇದ್ದಾಳೆಂದು ಊರು ನೆನೆಯುತ್ತದೆ. 1928ರಲ್ಲಿ ಚೆನ್ನಮ್ಮ ಎಂಬಾಕೆ ಮಕ್ಕಳನ್ನು ಕಟ್ಟಿಕೊಂಡು ಬೆಳಗಾವಿ ಕಡೆಯಿಂದ ಬಂದು, ನಾಟಕದ ಥಿಯೇಟರಿನ ಮುಂದೆ ರಾಗಿ ದೋಸೆ ಹುಯ್ಯತೊಡಗಿದರಂತೆ. ಹತ್ತು ವರ್ಷಗಳ ಮೇಲೆ ಆಕೆಯ ಮಕ್ಕಳು ರಾಗಿಯ ಜಾಗಕ್ಕೆ ಅಕ್ಕಿ, ಮಂಡಕ್ಕಿ ತಂದರು. ಹತ್ತಿಗಿರಣಿಗಳ ಊರು, ದುಡಿದು ಹಸಿದ ಹೊಟ್ಟೆಗಳು. ದೋಸೆ ನೆಲೆ ನಿಂತಿತು.

ಪ್ಯಾರಿಸ್ಸಿನ ಕಥೆಯೂ ಇದಕ್ಕೆ ದೂರದ್ದಲ್ಲ. 19ನೆಯ ಶತಮಾನದಲ್ಲಿ ಓವರ್ನ್ಯ ಎಂಬ ಗುಡ್ಡಗಾಡಿನ ಬಡವರು ಅಲ್ಲಿಗೆ ಗುಳೆ ಹೋಗಿ ನೀರು ಹೊತ್ತರು, ಇದ್ದಿಲು ಮಾರಿದರು. ಇದ್ದಿಲಂಗಡಿಯಲ್ಲೇ ದ್ರಾಕ್ಷಾರಸ, ಊಟ ಕೊಡತೊಡಗಿದರು. ಇಂದು ಜಗತ್ತೇ ಹೊಗಳುವ ಬಿಸ್ತ್ರೋ ಎಂಬ ಓಣಿಯ ಊಟದ ಮನೆಗಳು ಬೆಳೆದದ್ದರಲ್ಲಿ ಅವರ ಪಾಲು ದೊಡ್ಡದು. ಹೊಟ್ಟೆಪಾಡಿಗೆ ಬಂದವರೇ ಎರಡೂ ಊರುಗಳಿಗೆ ತಮ್ಮದೆನ್ನುವ ರುಚಿ ಕೊಟ್ಟರು. ಬೆಣ್ಣೆ ದೋಸೆ ಎಂದರೆ ದಾವಣಗೆರೆ ಎನ್ನುವಾಗ ಆ ತಾಯಿಯನ್ನೂ ಭಟ್ಟಿಯ ಬೆವರನ್ನೂ ನೆನೆಯುವುದು ನಮ್ಮ ಋಣ.

ಸಂಜೆ ಊರಿಗೆ ಮರಳುವಾಗ ಮಾವನ ತೊಡೆಯ ಮೇಲೆ ಒಂದು ಚೀಲ ಮಂಡಕ್ಕಿ. ಬಾಗಿಲಲ್ಲೇ ಇಸಿದುಕೊಂಡ ಅತ್ತೆ, ಒಗ್ಗರಣೆಗೆ ಹಸಿಮೆಣಸಿನಕಾಯಿ ಹೆಚ್ಚಲು ಕೂತರು.