ಬೆಂಕಿಯ ಮನೆಯಲ್ಲಿ ಪಂಕ್ತಿಭೇದ

ಊಟದ ಎಲೆಯ ಮುಂದೆ ಮನುಷ್ಯನ ಮನಸ್ಸು ಬಯಲಾಗುವಷ್ಟು ಬೇರೆಲ್ಲಿಯೂ ಆಗುವುದಿಲ್ಲ. ಒಂದೇ ಸಾಲಿನಲ್ಲಿ ಕುಳಿತ ಹತ್ತು ಮಂದಿಯಲ್ಲಿ ಒಬ್ಬನ ಎಲೆಗೆ ತುಪ್ಪ ಧಾರೆಯಾಗಿ ಇಳಿದು, ಇನ್ನೊಬ್ಬನ ಎಲೆಗೆ ತೊಟ್ಟಾಗಿ ಬಿದ್ದರೆ ಅದಕ್ಕೆ ಪಂಕ್ತಿಭೇದವೆಂದು ಹೆಸರು. ಹಿರಿಯರು ಅದನ್ನು ಪಾಪವೆಂದು ಹೇಳಿದರು. ಹೇಳುತ್ತಲೇ ಮಾಡಿಯೂ ಮಾಡಿದರು. ತುಪ್ಪ ಕಡಮೆಯಾಯಿತೆಂದು ಯಾರೂ ಸಾಯುವುದಿಲ್ಲ. ಆದರೆ ಬಡಿಸುವ ಕೈ ತನ್ನ ಎಲೆಯ ಮುಂದೆ ಬಂದಾಗ ಮಾತ್ರ ಹಿಡಿದುಕೊಂಡಿತೆಂಬ ನೆನಪು ಸಾಯುವ ತನಕ ಮಾಸುವುದಿಲ್ಲ.

ಪಂಕ್ತಿಭೇದ ಊಟದ ಮನೆಯಲ್ಲಿಯೇ ನಿಂತಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಅದು ಕಚೇರಿಗೆ ಹೋಗುತ್ತದೆ, ಶಾಲೆಗೆ ಹೋಗುತ್ತದೆ, ಆಸ್ಪತ್ರೆಗೂ ಹೋಗುತ್ತದೆ. ಒಬ್ಬ ಗುಮಾಸ್ತನಿಗೆ ಕಿಟಕಿಯ ಪಕ್ಕದ ಮೇಜು, ಇನ್ನೊಬ್ಬನಿಗೆ ಕಡತಗಳ ಕತ್ತಲೆಯ ಮೂಲೆ; ಒಬ್ಬನ ರಜೆಯ ಅರ್ಜಿಗೆ ಕೇಳುವ ಮೊದಲೇ ಸಹಿ, ಇನ್ನೊಬ್ಬನ ಅರ್ಜಿಗೆ ಹತ್ತು ಪ್ರಶ್ನೆ. ಇವನ್ನೆಲ್ಲ ಜನ ಹೇಗೋ ನುಂಗಿಕೊಂಡು ಬದುಕುತ್ತಾರೆ. ಆದರೆ ಯಾವ ಕಾರಣಕ್ಕೂ ಅದು ಕಾಲಿಡಬಾರದ ಜಾಗವೊಂದಿದೆ. ಅದು ಬೆಂಕಿ ಆರಿಸುವವರು ಇರುವ ಮನೆ, ಅಗ್ನಿಶಾಮಕ ಠಾಣೆ.

ಏಕೆಂದರೆ ಆ ವೃತ್ತಿಯೇ ಹಾಗಿದೆ. ಒತ್ತಡದಿಂದ ನೀರು ನುಗ್ಗುವ ಹೋಸ್ ಪೈಪು ಜೀವವಿರುವ ಹೆಬ್ಬಾವಿನಂತೆ ಹಿಂದಕ್ಕೆ ಒದೆಯುತ್ತದೆ. ಮೂತಿ ಹಿಡಿದವನ ಬೆನ್ನಿಗೆ ಬೆನ್ನು ಕೊಟ್ಟು ಇನ್ನೊಬ್ಬ ನಿಲ್ಲಲೇಬೇಕು. ಹೊಗೆ ತುಂಬಿದ ಕೋಣೆಯಲ್ಲಿ ಕಣ್ಣಿಗೆ ಕೆಲಸವಿಲ್ಲ. ಮುಂದೆ ಹೋದವನ ಉಸಿರು, ಹಿಂದೆ ಬಂದವನ ಕೂಗು, ಕೈಗೆ ತಗಲುವ ಪೈಪು, ಇವೇ ದಾರಿ. ಬಿದ್ದವನನ್ನು ಎತ್ತಿ ತರುವುದು ಅವನ ಜೊತೆಗಾರನ ಹೊಣೆ. ಅಲ್ಲಿ ಜೊತೆಗಾರನೆಂದರೆ ಕೆಲಸದ ಗೆಳೆಯ ಮಾತ್ರವಲ್ಲ. ಹೊರಗೆ ಬರುವ ಬಾಗಿಲೇ ಅವನು. ಗಂಟೆ ಬಾರಿಸದ ಹೊತ್ತಿನಲ್ಲಿ ಇದೇ ಜನ ಒಂದೇ ಸೂರಿನ ಕೆಳಗೆ ಅಡಿಗೆ ಮಾಡಿಕೊಂಡು ಉಣ್ಣುತ್ತಾರೆ, ಸಾಲು ಮಂಚಗಳ ಮೇಲೆ ಮಲಗುತ್ತಾರೆ. ಆದುದರಿಂದ ಅದು ಅರ್ಧ ಕಚೇರಿ, ಅರ್ಧ ಸಂಸಾರ. ಅಲ್ಲಿಯ ನಾಯಕ ಅರ್ಧ ಅಧಿಕಾರಿ, ಅರ್ಧ ಮನೆಯ ಯಜಮಾನ. ಯಜಮಾನನ ಕೈಯಲ್ಲಿ ಭೇದ ಹುಟ್ಟಿದರೆ ಆ ಮನೆಯ ಗತಿ ಏನಾಗುತ್ತದೆಂಬುದಕ್ಕೆ ಅಮೆರಿಕದ ನ್ಯೂಯಾರ್ಕಿನ ಒಂದು ಸಣ್ಣ ಠಾಣೆಯ ಕಥೆ ಸಾಕ್ಷಿಯಾಗಿ ನಿಂತಿದೆ.

1919ನೆಯ ಇಸವಿ ಜನವರಿ 10. ಮ್ಯಾನ್‌ಹಟನ್ನಿನ ಬ್ರೂಮ್ ಬೀದಿಯಲ್ಲಿ, ಇಟಲಿಯಿಂದ ವಲಸೆ ಬಂದವರ ಕೇರಿಯ ನಡುವೆ ಇದ್ದ 55ನೆಯ ಎಂಜಿನ್ ಠಾಣೆಗೆ ಇಪ್ಪತ್ತೊಂದು ವರ್ಷದ ತರುಣನೊಬ್ಬ ಕೆಲಸಕ್ಕೆ ಬಂದನು. ಹೆಸರು ವೆಸ್ಲಿ ವಿಲಿಯಮ್ಸ್. ಎತ್ತರದ ಆಳು, ಸಾಮು ಮಾಡಿ ಗಟ್ಟಿಯಾದ ಮೈ, ಮುಷ್ಟಿಯುದ್ಧದಲ್ಲಿ ಪಳಗಿದ ಕೈ. ತಂದೆ ಗ್ರ್ಯಾಂಡ್ ಸೆಂಟ್ರಲ್ ರೈಲ್ವೆ ನಿಲ್ದಾಣದಲ್ಲಿ ಕೆಂಪು ಟೋಪಿಯ ಹಮಾಲರ ಮುಖ್ಯಸ್ಥ. ದೊಡ್ಡ ದೊಡ್ಡವರ ಪೆಟ್ಟಿಗೆಗಳನ್ನು ಹೊತ್ತು, ಅವರ ಗೌರವವನ್ನೂ ಸಂಪಾದಿಸಿದ್ದವನು. ಮಗ ದೇಹಶಕ್ತಿಯ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದು ಬಂದಿದ್ದನು. ಬೆಂಕಿಯೊಡನೆ ಹೋರಾಡಲು ಬೇಕಾದುದೆಲ್ಲ ಅವನಲ್ಲಿತ್ತು. ಇಲ್ಲದಿದ್ದುದು ಒಂದೇ, ಬಿಳಿಯ ಚರ್ಮ.

ಅವನಿಗಿಂತ ಮುಂಚೆ ಆ ನಗರದ ಅಗ್ನಿಶಾಮಕ ದಳಕ್ಕೆ ಕಪ್ಪು ವರ್ಣದವರು ಬಂದಿರಲಿಲ್ಲವೆಂದಲ್ಲ. 1898ರಲ್ಲಿ ಸೇರಿದ ವಿಲಿಯಂ ನಿಕೋಲ್ಸನ್ ಎಂಬಾತನನ್ನು ಬೆಂಕಿಯ ಹತ್ತಿರ ಬಿಡದೆ ದಳದ ಕುದುರೆಗಳ ಆರೈಕೆಗೆ ಹಚ್ಚಿದರು. 1914ರಲ್ಲಿ ಜಾನ್ ವುಡ್ಸನ್ ಬಂದನು. ವಿಲಿಯಮ್ಸ್ ಮೂರನೆಯವನು. ಆದರೆ ಮ್ಯಾನ್‌ಹಟನ್ನಿನ ಠಾಣೆಯೊಂದರಲ್ಲಿ, ಬಿಳಿಯರ ಸಾಲಿನಲ್ಲಿ, ಸರಿಸಮನಾಗಿ ಎಲೆ ಹಾಕಿಸಿಕೊಂಡು ಕೂರಲು ಬಂದವನೊಬ್ಬನನ್ನು ಆ ಮನೆಯವರು ಕನಸಿನಲ್ಲಿಯೂ ನಿರೀಕ್ಷಿಸಿರಲಿಲ್ಲ.

ಹೊಸಬ ಮನೆಗೆ ಬಂದಾಗ ಒಳಗಿನವರ ಕಣ್ಣೆಲ್ಲ ಹೊರಳುವುದು ಯಜಮಾನನ ಮುಖದ ಕಡೆಗೆ. ಯಜಮಾನ ನಕ್ಕರೆ ಅವರೂ ನಗುತ್ತಾರೆ. ಹುಬ್ಬು ಗಂಟಿಕ್ಕಿದರೆ ಅವರೂ ಗಂಟಿಕ್ಕುತ್ತಾರೆ. ಠಾಣೆಯ ಕ್ಯಾಪ್ಟನ್ ಅಂದು ನಗಲೂ ಇಲ್ಲ, ಗದರಲೂ ಇಲ್ಲ. ಕಪ್ಪು ಮನುಷ್ಯನಿರುವ ಠಾಣೆಯ ನಾಯಕನೆಂಬ ಹೆಸರು ತನಗಂಟಬಾರದೆಂದು ಅದೇ ದಿನ ನಿವೃತ್ತಿ ಪಡೆದು ಹೊರಟುಹೋದನು! ಧಗಧಗಿಸುವ ಕಟ್ಟಡಗಳಿಗೆ ಬೆನ್ನು ತೋರಿಸದ ವೃತ್ತಿಯವನು ಒಬ್ಬ ತರುಣನ ಮೈಬಣ್ಣಕ್ಕೆ ಬೆನ್ನು ತೋರಿಸಿದನು. ಕೆಟ್ಟ ನಾಯಕನೆಂದರೆ ಬೈಯುವವನು, ಹೊಡೆಯುವವನು, ಲಂಚ ತಿನ್ನುವವನು ಎಂದು ಜನ ಸಾಮಾನ್ಯವಾಗಿ ಎಣಿಸುತ್ತಾರೆ. ಇರಬೇಕಾದ ಗಳಿಗೆಯಲ್ಲಿ ಇಲ್ಲದೆ ಹೋಗುವ ನಾಯಕ ಇವರೆಲ್ಲರಿಗಿಂತ ಕೆಟ್ಟವನು. ಬೈಯುವವನ ಮುಂದೆ ವಾದಿಸಬಹುದು. ಖಾಲಿ ಕುರ್ಚಿಯ ಮುಂದೆ ಯಾರು ದೂರು ಹೇಳಿಕೊಳ್ಳಬೇಕು?

ನಾಯಕ ತೋರಿದ ದಾರಿಯನ್ನೇ ಉಳಿದವರೂ ಹಿಡಿದರು. ಠಾಣೆಯಲ್ಲಿದ್ದ ಒಬ್ಬೊಬ್ಬನೂ ತನಗೆ ಬೇರೆ ಕಡೆಗೆ ವರ್ಗವಾಗಬೇಕೆಂದು ಅರ್ಜಿ ಕೊಟ್ಟನು. ಇಲಾಖೆ ಒಪ್ಪಲಿಲ್ಲ. ಒಂದು ವರ್ಷದ ಮಟ್ಟಿಗೆ ಆ ಠಾಣೆಯಿಂದ ಯಾರಿಗೂ ವರ್ಗವಿಲ್ಲವೆಂದು ತೀರ್ಮಾನವಾಯಿತು. ಮೇಲ್ನೋಟಕ್ಕೆ ಇದು ನ್ಯಾಯವೇ. ಆದರೆ ಅದು ಬಾಗಿಲಿಗೆ ಬೀಗ ಹಾಕಿದ ನ್ಯಾಯ. ಹೊರಗೆ ಹೋಗಬೇಡಿರೆಂದು ಹೇಳಿದವರು ಒಳಗೆ ಹೇಗೆ ಇರಬೇಕೆಂಬುದನ್ನು ನೋಡಿಕೊಳ್ಳಲಿಲ್ಲ. ಹೋಗಲಾರದವರ ಕೋಪವೆಲ್ಲ, ಆ ಕೋಪಕ್ಕೆ ಕಾರಣನೇ ಅಲ್ಲದ ಒಬ್ಬನ ಮೇಲೆ ತಿರುಗಿತು.

ಮಾತಿಲ್ಲ, ಕಥೆಯಿಲ್ಲ, ಬಂದರೆ ಬೈಗುಳ. ಜಗಳವನ್ನು ನೆಲಮಾಳಿಗೆಯಲ್ಲಿ ಮುಷ್ಟಿಯಿಂದ ತೀರಿಸಿಕೊಳ್ಳುವುದು ಆ ಠಾಣೆಗಳ ಹಳೆಯ ಪದ್ಧತಿ. ವಿಲಿಯಮ್ಸನಿಗೂ ಅಲ್ಲಿಗೆ ಕರೆ ಬಂತು. ಅವನು ಇಳಿದುಹೋದನು; ಗೆದ್ದು ಮೇಲೆ ಬಂದನು. ಹೊಡೆದಾಟದಲ್ಲಿ ಗೆದ್ದವನಿಗೆ ಒಂದು ಬಗೆಯ ಮರ್ಯಾದೆ ಸಿಕ್ಕುವುದುಂಟು. ಆದರೆ ಆ ಮರ್ಯಾದೆಯನ್ನು ನೆಲಮಾಳಿಗೆಯಲ್ಲಿ ಗಳಿಸಬೇಕಾಗಿ ಬಂದುದೇ ಮೇಲಿನ ಮಹಡಿಯಲ್ಲಿ ನಾಯಕನಿಲ್ಲವೆಂಬುದಕ್ಕೆ ಗುರುತು. ಉಳಿದವರು ಕೂಡಿ ಹರಟುವ ಹೊತ್ತನ್ನು ಅವನು ಓದಿನಲ್ಲಿ, ಸಾಮಿನಲ್ಲಿ ಕಳೆದನು. ಜೊತೆಗಾರರು ಕೊಟ್ಟ ಏಕಾಂತವನ್ನೇ ಬಡ್ತಿಯ ಪರೀಕ್ಷೆಗೆ ಬಂಡವಾಳ ಮಾಡಿಕೊಂಡನು.

ನಾಯಕತ್ವವೆಂದರೆ ಹೀಗೆಯೇ ಇರುತ್ತದೆಯೆ, ಬೆಂಕಿಯ ವೃತ್ತಿಯಲ್ಲಿ ಒಳ್ಳೆಯ ಯಜಮಾನರೇ ಇರಲಿಲ್ಲವೆ ಎಂದು ಯಾರಾದರೂ ಕೇಳಿಯಾರು. ಇದ್ದರು. ಈ ಘಟನೆಗೆ ಸುಮಾರು ಒಂದು ಶತಮಾನ ಹಿಂದೆ, 1824ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಪುಟ್ಟ ಅಗ್ನಿಶಾಮಕ ದಳಕ್ಕೆ ಜೇಮ್ಸ್ ಬ್ರೇಯ್ಡ್‌ವುಡ್ ಎಂಬ ಇಪ್ಪತ್ತನಾಲ್ಕರ ತರುಣ ಮುಖ್ಯಸ್ಥನಾದನು. ಅವನು ಆಳುಗಳನ್ನು ಆರಿಸಿಕೊಂಡುದು ಅವರು ಬಲ್ಲ ಕಸುಬು ನೋಡಿ: ಕಲ್ಲು ಕಟ್ಟುವವರು, ಬಡಗಿಗಳು, ಮಾಡು ಹೊದಿಸುವವರು. ಕಟ್ಟಡವನ್ನು ಬಲ್ಲವನಿಗಲ್ಲವೆ ಅದು ಎಲ್ಲಿ ಕುಸಿಯುವುದೆಂದು ಗೊತ್ತು! ಬೆಳಗಿನ ಜಾವ ನಾಲ್ಕು ಗಂಟೆಯ ಕತ್ತಲೆಯಲ್ಲಿ ಅವರಿಗೆ ಅಭ್ಯಾಸ ಮಾಡಿಸುತ್ತಿದ್ದನು. ಅವನು ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ ನಗರದಲ್ಲಿ ಮಹಾ ಅಗ್ನಿ ಎದ್ದಿತು. ಊರ ದೊಡ್ಡವರೆಲ್ಲ ಒಬ್ಬೊಬ್ಬರು ಒಂದೊಂದು ಅಪ್ಪಣೆ ಮಾಡಿ ಕೆಲಸ ಕೆಡಿಸಿದರು. ಆ ಅನುಭವದಿಂದ, ಬೆಂಕಿಯ ಸ್ಥಳದಲ್ಲಿ ಮುಖ್ಯಸ್ಥನದೊಂದೇ ಮಾತು ನಡೆಯಬೇಕೆಂಬ ಕಟ್ಟಳೆ ಬಂತು.

ಅಷ್ಟು ಅಧಿಕಾರ ಪಡೆದವನು ಅದನ್ನು ಹೇಗೆ ಬಳಸಿದನೆಂಬುದಕ್ಕೆ ಅವನ ಸಾವೇ ಉತ್ತರ. 1833ರಿಂದ ಲಂಡನ್ನಿನ ದಳಕ್ಕೆ ಮುಖ್ಯಸ್ಥನಾಗಿದ್ದ ಬ್ರೇಯ್ಡ್‌ವುಡ್, 1861ರ ಜೂನ್ 22ರಂದು ಟೂಲಿ ಬೀದಿಯ ಉಗ್ರಾಣಗಳು ಹೊತ್ತಿ ಉರಿಯುತ್ತಿದ್ದಾಗ, ದಣಿದ ಆಳುಗಳಿಗೆ ಚೇತರಿಕೆಯ ಪಾನೀಯ ಹಂಚಲು ಅವರಿದ್ದಲ್ಲಿಗೇ ಹೋದನು. ಗೋಡೆ ಮುರಿದು ಅವನ ಮೇಲೆ ಬಿತ್ತು. ಒಬ್ಬ ನಾಯಕ ಬಡಿಸುವ ಕೆಲಸದಲ್ಲಿರುವಾಗ ಸತ್ತನು. ಇನ್ನೊಬ್ಬ ನಾಯಕ ಜೊತೆಯಲ್ಲಿ ಕೂರಬೇಕಾದೀತೆಂದು ಎದ್ದುಹೋದನು. ಇಬ್ಬರ ಅಂಗಿಯ ಮೇಲೂ ಅಧಿಕಾರದ ಗುಂಡಿಗಳು ಒಂದೇ ರೀತಿ ಹೊಳೆದಿರಬೇಕು.

ಇತ್ತ ವಿಲಿಯಮ್ಸ್ ಎದ್ದುಹೋಗಲಿಲ್ಲ. 1927ರಲ್ಲಿ ಲೆಫ್ಟಿನೆಂಟ್ ಆದನು, 1934ರಲ್ಲಿ ಕ್ಯಾಪ್ಟನ್ ಆದನು, 1938ರಲ್ಲಿ ಬೆಟಾಲಿಯನ್ ಚೀಫ್ ಆದನು. ಕಪ್ಪು ವರ್ಣದವನೊಬ್ಬ ನ್ಯೂಯಾರ್ಕಿನ ಬಿಳಿಯ ಅಗ್ನಿಶಾಮಕರಿಗೆ ಅಪ್ಪಣೆ ಕೊಡುವ ಕಾಲ ಬಂತು. ಆದರೆ ಒಬ್ಬನು ಏಣಿ ಏರಿದ ಮಾತ್ರಕ್ಕೆ ಮನೆ ಶುದ್ಧವಾಗುವುದಿಲ್ಲ. ಅವನ ಹಿಂದೆ ಬಂದ ಕಪ್ಪು ತರುಣರಿಗೆ ಎಷ್ಟೋ ಠಾಣೆಗಳಲ್ಲಿ ಒಂದು ಮಂಚ ಬೇರೆಯಾಗಿ ಮೀಸಲಾಗಿತ್ತು. ಅದು ಸಾಮಾನ್ಯವಾಗಿ ಪಾಯಿಖಾನೆಯ ಪಕ್ಕದ ಮಂಚ. ತಾತ್ಕಾಲಿಕವಾಗಿ ಬೇರೊಂದು ಠಾಣೆಗೆ ಕಳುಹಿಸಿದರೂ ಅಲ್ಲಿಯೂ ಅಂಥದೇ ಮಂಚ. ಬೆಂಕಿಯಲ್ಲಿ ಹೆಗಲಿಗೆ ಹೆಗಲು ತಾಗಬಹುದು, ನಿದ್ದೆಯಲ್ಲಿ ಹಾಸಿಗೆಗೆ ಹಾಸಿಗೆ ತಾಗಬಾರದು! 1940ರಲ್ಲಿ ವಿಲಿಯಮ್ಸ್ ತನ್ನವರನ್ನು ಕೂಡಿಸಿ ‘ವಲ್ಕನ್ ಸೊಸೈಟಿ’ ಎಂಬ ಸಂಘ ಕಟ್ಟಿದನು. ವಲ್ಕನ್ ರೋಮನರ ಅಗ್ನಿದೇವತೆ. ಅಗ್ನಿಯ ಹೆಸರಿನಲ್ಲಿ ಸೇರಿದವರು ಮೊದಲು ಹೋರಾಡಬೇಕಾದುದು ಒಂದು ಮಂಚದ ಸಲುವಾಗಿ ಎಂಬುದು ವಿಧಿಯ ಹಾಸ್ಯವಿರಬೇಕು.

ಇದು ಒಂದು ಊರಿನ ರೋಗವಾಗಿರಲಿಲ್ಲ. ಖಂಡದ ಇನ್ನೊಂದು ಅಂಚಿನ ಲಾಸ್ ಏಂಜಲೀಸ್ ನಗರದಲ್ಲಿ ಕಪ್ಪು ಅಗ್ನಿಶಾಮಕರಿಗೆಂದು 14 ಮತ್ತು 30ನೆಯ ಠಾಣೆಗಳನ್ನು ಮಾತ್ರ ಬಿಟ್ಟಿದ್ದರು. ಎರಡೇ ಠಾಣೆಗಳಲ್ಲಿ ಅಧಿಕಾರದ ಹುದ್ದೆಗಳಾದರೂ ಎಷ್ಟು? ಮೇಲಿನವನು ನಿವೃತ್ತನಾಗಬೇಕು, ಇಲ್ಲವೆ ಸಾಯಬೇಕು; ಆಗ ಕೆಳಗಿನವನಿಗೆ ಬಡ್ತಿ. ಬೈಗುಳವೊಂದನ್ನೂ ಆಡದೆ, ನಿಯಮದ ಕಾಗದವೊಂದರಿಂದಲೇ ನೂರಾರು ಬಾಳುಗಳ ಬೆಳವಣಿಗೆಯನ್ನು ತಡೆಯಬಹುದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. 1940ರಲ್ಲಿ ಸೇರಿದ ಆರ್ನೆಟ್ ಹಾರ್ಟ್ಸ್‌ಫೀಲ್ಡ್ ಎಂಬಾತ ಕೆಲಸ ಮಾಡುತ್ತಲೇ ಓದಿ 1955ರಲ್ಲಿ ಕಾನೂನಿನ ಪದವಿ ಪಡೆದನು. 1961ರಲ್ಲಿ ಅಗ್ನಿಶಾಮಕನ ಅಂಗಿ ಕಳಚಿದನು. ಮುಂದೆ ಆ ದಿನಗಳ ಇತಿಹಾಸವನ್ನೂ ಬರೆದನು. ಬೇರೆ ಬೇರೆ ಠಾಣೆಗಳ ಪದ್ಧತಿ ಕೊನೆಗಾಣಲೆಂದು ನಗರದ ಮೇಯರು ಬಯಸಿದರೆ, ದಳದ ಮುಖ್ಯಸ್ಥ ಜಾನ್ ಆಲ್ಡರ್‌ಸನ್ ಅದಕ್ಕೆ ಅಡ್ಡ ನಿಂತನು. ಅವನು ಹುದ್ದೆಯಿಂದ ಇಳಿದ ಮೇಲೆ, 1956ರಲ್ಲಿ, ಠಾಣೆಗಳು ಒಂದಾದವು.

ಠಾಣೆಗಳು ಒಂದಾದವು, ಒಲೆಗಳು ಒಂದಾಗಲಿಲ್ಲ. ಬಿಳಿಯರ ಠಾಣೆಗೆ ವರ್ಗವಾಗಿ ಹೋದ ಕಪ್ಪು ಅಗ್ನಿಶಾಮಕರು ತಮ್ಮ ಪಾತ್ರೆಗಳನ್ನು ತಾವೇ ಹೊತ್ತು ತಂದು, ಬೇರೆಯಾಗಿ ಬೇಯಿಸಿಕೊಂಡು, ಒಂಟಿಯಾಗಿ ಉಣ್ಣಬೇಕಾಯಿತು. ಬಾವಿ ಬೇರೆ, ಲೋಟ ಬೇರೆ, ಪಂಕ್ತಿ ಬೇರೆ ಎಂಬ ವ್ಯವಸ್ಥೆಯನ್ನು ಕಂಡ ಕನ್ನಡನಾಡಿನವರಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಮೇಲಿನಿಂದ ಬಂದ ಆಜ್ಞೆ ಬಾಗಿಲನ್ನು ತೆರೆಯಬಲ್ಲುದು. ಊಟದ ಮೇಜಿನಲ್ಲಿ ಜಾಗ ಬಿಡಿಸಬಲ್ಲವನು ಆ ಮನೆಯ ಕ್ಯಾಪ್ಟನ್ ಒಬ್ಬನೇ. “ಬಾರಯ್ಯ, ಇಲ್ಲಿ ಕೂತುಕೋ” ಎಂಬ ಒಂದು ಮಾತನ್ನು ಅವನು ಮೊದಲ ದಿನವೇ, ಎಲ್ಲರಿಗೂ ಕೇಳುವಂತೆ ಆಡಿಬಿಟ್ಟಿದ್ದರೆ ಎಷ್ಟು ವರ್ಷಗಳ ಕಹಿ ಉಳಿಯುತ್ತಿತ್ತು! ಆ ಮಾತಿಗೆ ಕಾಸು ಖರ್ಚಿಲ್ಲ. ಆದರೂ ಅದನ್ನಾಡಲು ಉರಿಯುವ ಮಹಡಿಗೆ ಏಣಿ ಹಾಕುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕೆಂದು ತೋರುತ್ತದೆ. ಬೆಂಕಿಗೆ ಎದುರಾದರೆ ಊರು ಹೊಗಳುತ್ತದೆ. ತನ್ನವರ ಅನ್ಯಾಯಕ್ಕೆ ಎದುರಾದರೆ ತನ್ನವರೇ ಮುಖ ತಿರುಗಿಸುತ್ತಾರೆ.

ವಿಲಿಯಮ್ಸ್ 1952ರಲ್ಲಿ ನಿವೃತ್ತನಾಗಿ 1984ರಲ್ಲಿ ತೀರಿಕೊಂಡನು. ಅವನು ಕಟ್ಟಿದ ಸಂಘ ಮಾತ್ರ ಸುಮ್ಮನಾಗಲಿಲ್ಲ. ಅಗ್ನಿಶಾಮಕರ ಆಯ್ಕೆಯ ಲಿಖಿತ ಪರೀಕ್ಷೆಗಳಲ್ಲಿಯೇ ಭೇದ ಅಡಗಿದೆಯೆಂಬ ಮೊಕದ್ದಮೆಯಲ್ಲಿ ಅದೂ ಕಕ್ಷಿಯಾಯಿತು. ನ್ಯಾಯಾಲಯ ಆ ದೂರನ್ನು ಎತ್ತಿಹಿಡಿಯಿತು. 2014ರಲ್ಲಿ ನ್ಯೂಯಾರ್ಕ್ ನಗರ ಸುಮಾರು 9 ಕೋಟಿ 80 ಲಕ್ಷ ಡಾಲರು ತೆರಲು ಒಪ್ಪಿಕೊಂಡಿತು. ಒಬ್ಬ ಕ್ಯಾಪ್ಟನ್ ಎದ್ದುಹೋದ ದಿನದಿಂದ ಆ ದಿನದವರೆಗೆ ತೊಂಬತ್ತೈದು ವರ್ಷಗಳು. ಸಣ್ಣ ಮನೆಯಲ್ಲಿ, ಸಕಾಲದಲ್ಲಿ ತೀರಿಸದೆ ಬಿಟ್ಟ ಅನ್ಯಾಯ ಸಾಲದಂತೆ ಬೆಳೆಯುತ್ತದೆ. ಬಡ್ಡಿಯನ್ನು ಮೊಮ್ಮಕ್ಕಳ ಕಾಲದವರು ತೆರುತ್ತಾರೆ.

ಬೆಂಕಿಗೆ ಪಂಕ್ತಿಭೇದ ಗೊತ್ತಿಲ್ಲ. ಅದು ಹತ್ತಿರ ಬಂದವರನ್ನೆಲ್ಲ ಒಂದೇ ಸಮನಾಗಿ ಸುಡುತ್ತದೆ. ಅದನ್ನು ಆರಿಸಲು ಹೊರಟವರು ಅಷ್ಟು ಸಮದೃಷ್ಟಿಯನ್ನಾದರೂ ಆ ಶತ್ರುವಿನಿಂದ ಕಲಿಯಬಹುದಾಗಿತ್ತು. ಠಾಣೆಯಾಗಲಿ, ಕಚೇರಿಯಾಗಲಿ, ಸಂಸಾರವಾಗಲಿ, ಯಜಮಾನನ ಯೋಗ್ಯತೆ ತಿಳಿಯಬೇಕಾದರೆ ಅವನು ಆಪತ್ತಿನಲ್ಲಿ ಹೇಗೆ ಕೂಗುತ್ತಾನೆಂದು ಕಾದು ನೋಡಬೇಕಾಗಿಲ್ಲ. ಹೊಸಬನಿಗೆ ಅವನು ಎಲ್ಲಿ ಮಂಚ ಹಾಕಿಸಿದನು, ಎಲ್ಲಿ ಎಲೆ ಹಾಕಿಸಿದನು ಎಂದು ನೋಡಿದರೆ ಸಾಕು.