ನೀರಿಲ್ಲದ ನಾಡಿನಲ್ಲಿ ತಂಪಿನ ಲೆಕ್ಕ

ಬೆಂಗಳೂರಿನಿಂದ ಪೂರ್ವಕ್ಕೆ ಹೊರಟ ರೈಲು ವೈಟ್‌ಫೀಲ್ಡ್ ದಾಟಿದರೆ ಸಾಕು, ಕಿಟಕಿಯಾಚೆಯ ನೋಟವೇ ಬದಲಾಗುತ್ತದೆ. ನೀಲಗಿರಿ ತೋಪುಗಳು, ಕೆಮ್ಮಣ್ಣಿನ ಹೊಲಗಳು, ಅಲ್ಲಲ್ಲಿ ಯಾರೋ ತಂದಿಟ್ಟಂತೆ ಕುಳಿತ ಬಂಡೆಗುಡ್ಡಗಳು. ಇದು ಕೋಲಾರ ಸೀಮೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದೆ, ಸಾವಿರಾರು ಕೆರೆಗಳನ್ನು ಕಟ್ಟಿಕೊಂಡು ಬದುಕಿದ ನಾಡು. ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವುದರಿಂದ ಹಗಲು ಎಷ್ಟೇ ಸುಟ್ಟರೂ ಇಲ್ಲಿನ ರಾತ್ರಿ ತಣ್ಣಗಾಗುತ್ತದೆ. ಜಗುಲಿಯ ಮೇಲೆ ಚಾಪೆ ಹಾಸಿ ಮಲಗಿದರೆ ಹಿಂದಿನವರಿಗೆ ಬೇಸಿಗೆ ಕಳೆದುಹೋಗುತ್ತಿತ್ತು.

ಈಗ ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಯಾವ ಊರಿಗೇ ಹೋಗಲಿ, ಪೇಟೆ ಬೀದಿಯಲ್ಲಿ ಗಾಜಿನ ಮುಖದ ಕಟ್ಟಡಗಳು ಎದ್ದು ನಿಂತಿವೆ. ಬಟ್ಟೆ ಅಂಗಡಿ, ಚಿನ್ನದಂಗಡಿ, ಬ್ಯಾಂಕು, ನರ್ಸಿಂಗ್ ಹೋಂ, ಕಲ್ಯಾಣ ಮಂಟಪ, ಮೇಲಿನ ಮಹಡಿಯಲ್ಲೊಂದು ಟ್ಯುಟೋರಿಯಲ್. ಹಿಂದಿನ ಗೋಡೆಗೆ ಜೋತುಬಿದ್ದ ಏ.ಸಿ. ಪೆಟ್ಟಿಗೆಗಳು ಬಿಸಿ ಉಸಿರು ಬಿಡುತ್ತಿರುತ್ತವೆ. ಹೊಸದಾಗಿ ಕಟ್ಟಡ ಕಟ್ಟಿಸುವವರ ಪ್ರಶ್ನೆ ಒಂದೇ: “ಯಾವ ಏ.ಸಿ. ಹಾಕಿಸಬೇಕಣ್ಣ? ಎಷ್ಟು ಟನ್ ಬೇಕಾಗುತ್ತೆ?” ಉತ್ತರವೂ ಸಾಮಾನ್ಯವಾಗಿ ಸಿದ್ಧವಿರುತ್ತದೆ. ಇಷ್ಟು ಚದರಕ್ಕೆ ಇಷ್ಟು ಟನ್ ಎಂದು ಬೆರಳೆಣಿಸಿ ಹೇಳಿಬಿಡುತ್ತಾರೆ. ಆದರೆ ಈ ನಾಲ್ಕು ಊರುಗಳನ್ನು ಕಣ್ಣುಬಿಟ್ಟು ಸುತ್ತಿ ಬಂದರೆ ಆ ಲೆಕ್ಕ ಅಷ್ಟು ಸುಲಭವಲ್ಲವೆಂದು ಗೊತ್ತಾಗುತ್ತದೆ.

ಮಾಲೂರು: ಮೊದಲು ಮಾಡು, ಆಮೇಲೆ ಯಂತ್ರ

ಮಾಲೂರಿನ ಹೆಸರು ಹೇಳಿದ ಕೂಡಲೇ ಹಳಬರಿಗೆ ನೆನಪಾಗುವುದು ಹೆಂಚು ಮತ್ತು ಇಟ್ಟಿಗೆ. ಕಥೆಗಾರ ಮಾಸ್ತಿಯವರ ಊರಾದ ಮಾಸ್ತಿ ಇರುವುದೂ ಇದೇ ತಾಲ್ಲೂಕಿನಲ್ಲಿ. ಈ ಕಡೆಯ ಹಳೆಯ ಹೆಂಚಿನ ಮನೆಯೊಂದರೊಳಗೆ ಏಪ್ರಿಲ್ ಮಧ್ಯಾಹ್ನ ಕಾಲಿಟ್ಟವರಿಗೆ ಒಂದು ಸಂಗತಿ ಥಟ್ಟನೆ ಅರಿವಾಗುತ್ತದೆ: ಹೊರಗಿನ ಬಿಸಿಲು ಒಳಕ್ಕೆ ಬಂದಿಲ್ಲ. ಹೆಂಚುಗಳ ಸಂದಿಯಲ್ಲಿ ಗಾಳಿ ಆಡುತ್ತದೆ. ಮೇಲೇರಿದ ಬಿಸಿಗಾಳಿ ಗವಾಕ್ಷಿಯಿಂದ ಹೊರಗೆ ಹೋಗುತ್ತದೆ. ದಪ್ಪ ಮಣ್ಣಿನ ಗೋಡೆ ಸಂಜೆಯವರೆಗೂ ಶಾಖವನ್ನು ತಡೆದು ನಿಲ್ಲಿಸುತ್ತದೆ.

ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವ ಈ ಊರುಗಳಲ್ಲಿ ಏಪ್ರಿಲ್ ಕೊನೆಯ ವೇಳೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಹೀಗಾಗಿ ಬಿಸಿಲಿನ ದೊಡ್ಡ ಪಾಲು ಬೀಳುವುದು ಮಾಡಿನ ಮೇಲೆ. ಬರಿಯ ಕಾಂಕ್ರೀಟ್ ತಾರಸಿ ದಿನವಿಡೀ ಕಾದು, ಸಂಜೆ ಆ ಶಾಖವನ್ನು ಕೆಳಗಿನ ಕೋಣೆಗೆ ಇಳಿಸುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಗೋಡೆಯಂತೂ ಇಳಿಬಿಸಿಲನ್ನು ಕೈಹಿಡಿದು ಒಳಗೆ ಕರೆತರುತ್ತದೆ. ಅಂಥ ಕಟ್ಟಡಕ್ಕೆ ಎಷ್ಟು ದೊಡ್ಡ ಯಂತ್ರ ತಂದರೂ ಅದು ಬಿಸಿಲಿನೊಂದಿಗೆ ಜಗಳಕ್ಕೆ ನಿಂತಂತೆಯೇ ಸರಿ.

ಇಲ್ಲಿ ‘ಟನ್’ ಎಂಬ ಮಾತಿನ ಅರ್ಥ ತಿಳಿಯಬೇಕು. ಅದು ಯಂತ್ರದ ತೂಕವಲ್ಲ. ಅಮೆರಿಕದ ಅಳತೆಯ ಒಂದು ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖವೇ ಒಂದು ಟನ್. ಇಂದಿನ ಲೆಕ್ಕದಲ್ಲಿ ಸುಮಾರು 3.5 ಕಿಲೋವಾಟ್. ತಾರಸಿಗೆ ಬಿಳಿ ಹೆಂಚು ಹಾಸಿ, ಪಶ್ಚಿಮದ ಕಿಟಕಿಗೆ ಸಜ್ಜ ಇಳಿಸಿ, ಗಾಜನ್ನು ಕಡಿಮೆ ಮಾಡಿದರೆ ಕೊಳ್ಳಬೇಕಾದ ಟನ್ನುಗಳೇ ಕಡಿಮೆಯಾಗುತ್ತವೆ. ಯಂತ್ರದ ಬೆಲೆಯನ್ನು ಒಮ್ಮೆ ಕೊಟ್ಟರೆ ಮುಗಿಯಿತು, ಕರೆಂಟಿನ ಬಿಲ್ಲು ತಿಂಗಳು ತಿಂಗಳೂ ಬರುತ್ತದೆ. ಅದಕ್ಕೇ ಮೊದಲ ಆಯ್ಕೆ ಯಂತ್ರದ್ದಲ್ಲ, ಮಾಡಿನದು.

ಕೋಲಾರ: ಗೋಪುರ ಕುಡಿಯುವ ನೀರು

ಮಾಲೂರಿನಿಂದ ಉತ್ತರಕ್ಕೆ ಬಂದು ಹೆದ್ದಾರಿ ಸೇರಿದರೆ ನರಸಾಪುರ. 2013ರಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಇಲ್ಲಿ ಶುರುವಾಯಿತು. ವಿಸ್ಟ್ರಾನ್ ಕಂಪನಿ ನಡೆಸುತ್ತಿದ್ದ ಐಫೋನ್ ಕಾರ್ಖಾನೆ 2023ರಲ್ಲಿ ಟಾಟಾ ಸಮೂಹದ ಕೈಸೇರಿತು. ಎಲೆಕ್ಟ್ರಾನಿಕ್ ಸಾಮಾನು ಜೋಡಿಸುವ ಕಡೆ ಹವಾನಿಯಂತ್ರಣವೆಂಬುದು ಸುಖದ ಮಾತಲ್ಲ, ಕೆಲಸದ ಮಾತು. ಧೂಳು, ತೇವ, ಶಾಖ ಮೂರೂ ಹದದಲ್ಲಿರಬೇಕು. ಹವಾನಿಯಂತ್ರಣ ಹುಟ್ಟಿದ್ದೂ ಹಾಗೆಯೇ. 1902ರ ಜುಲೈನಲ್ಲಿ ವಿಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಯುವ ಎಂಜಿನಿಯರ್ ತನ್ನ ಮೊದಲ ಯಂತ್ರದ ನಕ್ಷೆ ಬರೆದದ್ದು ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ. ಅಲ್ಲಿ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಕೆಡುತ್ತಿತ್ತು.

ಅದೇ 1902ರ ಜೂನ್ ಕೊನೆಯಲ್ಲಿ ಶಿವನಸಮುದ್ರದ ವಿದ್ಯುತ್ತು ತಂತಿಯ ಮೇಲೆ ಸುಮಾರು 147 ಕಿ.ಮೀ. ಹರಿದು ಕೋಲಾರದ ಚಿನ್ನದ ಗಣಿಗೆ ಬಂದು ಮುಟ್ಟಿತ್ತೆಂಬುದು ಸ್ವಾರಸ್ಯದ ಸಂಗತಿ. ಆ ಗಣಿಗಳು ಮುಂದೆ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದವು. ಅಲ್ಲಿನ ಬಂಡೆಯ ಶಾಖ 60 ಡಿಗ್ರಿ ಮೀರಿತ್ತು. ಬರಿಯ ಗಾಳಿ ಊದಿದರೆ ಸಾಲದೆ, ಯಂತ್ರಗಳಿಂದ ಗಾಳಿಯನ್ನು ತಣಿಸಿ ಕೆಳಗಿಳಿಸಬೇಕಾಯಿತು. 2001ರ ಫೆಬ್ರುವರಿ 28ರಂದು ಮುಚ್ಚಿದ ಆ ಗಣಿಗಳಲ್ಲಿ ತಂಪು ಎಂದರೆ ಕಾರ್ಮಿಕನ ಜೀವವೇ ಆಗಿತ್ತು.

ಕೋಲಾರ ನಗರಕ್ಕೆ ಬಂದವರು ಅಂತರಗಂಗೆ ಬೆಟ್ಟ ಹತ್ತದೆ ಹೋಗುವುದಿಲ್ಲ. ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿನಲ್ಲಿ ಕೈಯೊಡ್ಡಿದರೆ ಬಿಸಿಲಿನ ದಣಿವೆಲ್ಲ ಮಾಯ. ಆದರೆ ಬೆಟ್ಟದಿಂದ ಕೆಳಗೆ ನೋಡಿದರೆ ಕಾಣುವುದು ಬೇರೆ ಕಥೆ. ಕೊಳವೆ ಬಾವಿಗಳು ಸಾವಿರ ಅಡಿ ದಾಟಿದರೂ ಎಷ್ಟೋ ಕಡೆ ನೀರಿಲ್ಲ. ಸಿಕ್ಕ ನೀರಿನಲ್ಲಿ ಫ್ಲೋರೈಡ್. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧವಾಗಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂಬ ಕೂಗು ಆಗಿನಿಂದಲೂ ಇದೆ.

ಈ ನೀರಿನ ಕಥೆಗೂ ಏ.ಸಿ.ಗೂ ಏನು ಸಂಬಂಧ? ಬಹಳ ಇದೆ! ದೊಡ್ಡ ಕಟ್ಟಡಗಳಿಗೆ ಹಾಕುವ ‘ಚಿಲ್ಲರ್’ ಯಂತ್ರಗಳಲ್ಲಿ ಎರಡು ಬಗೆ. ಒಂದು ತನ್ನ ಶಾಖವನ್ನು ಫ್ಯಾನಿನ ಮೂಲಕ ಗಾಳಿಗೆ ಬಿಡುತ್ತದೆ. ಇನ್ನೊಂದು ಮಾಡಿನ ಮೇಲಿನ ‘ಕೂಲಿಂಗ್ ಟವರ್’ನಲ್ಲಿ ನೀರನ್ನು ಆವಿ ಮಾಡಿ ಶಾಖ ಕಳೆದುಕೊಳ್ಳುತ್ತದೆ. ಎರಡನೆಯದಕ್ಕೆ ಕರೆಂಟು ಗಣನೀಯವಾಗಿ ಕಡಿಮೆ ಸಾಕು. ಹಾಗಾಗಿ ಪುಸ್ತಕದ ಲೆಕ್ಕದಲ್ಲಿ ಗೆಲ್ಲುವುದು ಅದೇ. ಆದರೆ ಒಂದು ಟನ್ ತಂಪಿಗೆ ಗಂಟೆಗೆ ಸುಮಾರು 6 ಲೀಟರ್ ನೀರು ಆವಿಯಾಗುತ್ತದೆ. 100 ಟನ್ನಿನ ಯಂತ್ರ ದಿನಕ್ಕೆ 10 ಗಂಟೆ ಪೂರ್ತಿ ದುಡಿದರೆ 6,000 ಲೀಟರ್. ಲವಣ ಗಟ್ಟಿಯಾಗದಂತೆ ಆಗಾಗ ಹೊರಬಿಡುವ ನೀರೂ ಸೇರಿದರೆ 8,000 ಲೀಟರಿನ ಹತ್ತಿರ. ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಎಂಬುದು ಜಲಜೀವನ ಯೋಜನೆಯ ಅಳತೆ. ಅಂದರೆ ಸುಮಾರು 145 ಜನರ ನೀರನ್ನು ಒಂದು ಗೋಪುರ ಆಕಾಶಕ್ಕೆ ಬಿಡುತ್ತದೆ! ಟ್ಯಾಂಕರಿಗೆ ಕಾಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಸಾಲದ್ದಕ್ಕೆ ಇಲ್ಲಿನ ಗಡಸು ನೀರು ಕೊಳವೆಗಳೊಳಗೆ ಸುಣ್ಣದಂತೆ ಕಟ್ಟಿ ಯಂತ್ರದ ಆಯುಷ್ಯವನ್ನೂ ತಿನ್ನುತ್ತದೆ. ಕಟ್ಟಡದ ಬಚ್ಚಲು ನೀರನ್ನೇ ಚೆನ್ನಾಗಿ ಶುದ್ಧಮಾಡಿ ಗೋಪುರಕ್ಕೆ ಕೊಡುವ ಏರ್ಪಾಟಿದ್ದರೆ ಮಾತು ಬೇರೆ. ಇಲ್ಲವಾದರೆ ಕರೆಂಟು ಹೆಚ್ಚು ತಿಂದರೂ ಗಾಳಿಯಿಂದ ತಣಿಯುವ ಯಂತ್ರವೇ ಈ ಸೀಮೆಗೆ ನ್ಯಾಯ.

ಮುಳಬಾಗಿಲು: ಕಲ್ಲು, ಹುಳು, ಉಸಿರು

ಕೋಲಾರದಿಂದ ಪೂರ್ವಕ್ಕೆ ಸುಮಾರು 30 ಕಿ.ಮೀ. ಹೋದರೆ ಮುಳಬಾಗಿಲು. ಮೂಡಲ ಬಾಗಿಲು ಎಂಬುದೇ ಮುಳಬಾಗಿಲಾಯಿತಂತೆ. 1887ರಲ್ಲಿ ಡಿ.ವಿ.ಜಿ. ಹುಟ್ಟಿದ ಊರು. ದೋಸೆಗೂ ಹೆಸರುವಾಸಿ. ಹತ್ತಿರದ ಆವನಿ, ಕುರುಡುಮಲೆಯ ದೇವಸ್ಥಾನಗಳ ಗರ್ಭಗುಡಿಯಲ್ಲಿ ನಿಂತರೆ ಸುಡುಹಗಲಲ್ಲೂ ತಣ್ಣಗೆ. ದಪ್ಪ ಕಲ್ಲು ಶಾಖವನ್ನು ನಿಧಾನವಾಗಿ ಹೀರಿ ರಾತ್ರಿ ಬಿಡುವುದೇ ಇದರ ಗುಟ್ಟು. ಹಗಲು ಮಾತ್ರ ಕೆಲಸ ಮಾಡುವ ಕಚೇರಿ, ಅಂಗಡಿಗಳಿಗೆ ದಪ್ಪ ಗೋಡೆ ಒಂದು ವರವೇ. ರಾತ್ರಿ ಕಿಟಕಿ ತೆರೆದು ತಂಗಾಳಿ ಆಡಿಸಿದರೆ ಬೆಳಗ್ಗೆ ಯಂತ್ರ ತಡವಾಗಿ ಹಾಕಿದರೂ ನಡೆಯುತ್ತದೆ.

ಈ ಸುತ್ತಿನ ಹಳ್ಳಿಗಳ ರೇಷ್ಮೆ ರೈತರು ಹವಾನಿಯಂತ್ರಣವನ್ನು ಕಾಲೇಜಿಗೆ ಹೋಗದೆಯೇ ಕಲಿತವರು. ಹುಳುವಿಗೆ ಸುಮಾರು 25 ಡಿಗ್ರಿ ಶಾಖ ಮತ್ತು ಸಾಕಷ್ಟು ತೇವ ಬೇಕು. ಬೇಸಿಗೆಯಲ್ಲಿ ಹುಳು ಸಾಕುವ ಮನೆಯ ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತಾರೆ, ಮಾಡಿನ ಮೇಲೆ ತೆಂಗಿನ ಗರಿ ಹೊದಿಸುತ್ತಾರೆ. ಪೇಟೆಯ ಏರ್ ಕೂಲರ್ ಮಾಡುವುದೂ ಇದನ್ನೇ. ಒಣಹವೆಯ ಮಾರ್ಚ್, ಏಪ್ರಿಲ್‌ನಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಮಳೆಗಾಲದ ತೇವದಲ್ಲಿ ಸೋಲುತ್ತದೆ. ಗೋದಾಮು, ವರ್ಕ್‌ಶಾಪು, ಅಡುಗೆಮನೆಗಳಿಗೆ ಇಷ್ಟೇ ಸಾಕು.

ಹುಳುವಿನ ಉಸಿರಿಗೆ ರೈತ ಕೊಡುವ ಗಮನವನ್ನು ಮಕ್ಕಳ ಉಸಿರಿಗೂ ಕೊಡಬೇಕಲ್ಲವೆ? ಸುಮ್ಮನೆ ಕುಳಿತ ಒಬ್ಬ ಮನುಷ್ಯ ಸುಮಾರು 100 ವಾಟ್ ಶಾಖ ಬಿಡುತ್ತಾನೆ. 60 ಮಕ್ಕಳು ಕುಳಿತ ಟ್ಯುಟೋರಿಯಲ್ ಕೋಣೆಯಲ್ಲಿ ಜನರ ಶಾಖವೇ ಸುಮಾರು 1.7 ಟನ್. ಚದರದ ಲೆಕ್ಕ ಎಡವುವುದು ಇಲ್ಲಿಯೇ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಗೋಡೆಯ ಸ್ಪ್ಲಿಟ್ ಏ.ಸಿ. ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿ, ಎರಡನೆಯ ಪೀರಿಯಡ್ಡಿಗೇ ತೂಕಡಿಕೆ, ತಲೆಭಾರ. ‘ಹವಾನಿಯಂತ್ರಿತ ತರಗತಿ’ ಎಂಬ ಫಲಕ ನೋಡಿ ಶುಲ್ಕ ಕಟ್ಟುವ ತಂದೆತಾಯಿಯರು ಹೊಸ ಗಾಳಿ ಬರಲು ದಾರಿ ಎಲ್ಲಿದೆ ಎಂದು ಕೇಳಬೇಕು.

ಯಂತ್ರವನ್ನು ಆರಿಸುವಾಗ ಕಟ್ಟಡದ ದಿನಚರಿಯನ್ನೂ ನೋಡಬೇಕು. ಬಾಡಿಗೆಯವರು ತಂತಮ್ಮ ಬಿಲ್ಲು ಕಟ್ಟುವ ಅಂಗಡಿ ಸಾಲಿಗೆ ಬಿಡಿ ಬಿಡಿ ಸ್ಪ್ಲಿಟ್‌ಗಳು ಸರಿ. ಮುಹೂರ್ತದ ದಿನಗಳಲ್ಲಿ ಮಾತ್ರ ತುಂಬುವ ಕಲ್ಯಾಣ ಮಂಟಪಕ್ಕೆ ಕೊಳವೆಮಾರ್ಗದಿಂದ ಗಾಳಿ ಹಂಚುವ ಪ್ಯಾಕೇಜ್ ಯಂತ್ರ ಹೊಂದುತ್ತದೆ. ಒಂದು ಕೋಣೆ ತುಂಬಿ ಇನ್ನೊಂದು ಖಾಲಿಯಿರುವ ನರ್ಸಿಂಗ್ ಹೋಂ, ಕಚೇರಿಗಳಿಗೆ ಒಂದೇ ಹೊರಘಟಕಕ್ಕೆ ಹಲವು ಒಳಘಟಕ ಜೋಡಿಸುವ ವಿ.ಆರ್.ಎಫ್. ಪದ್ಧತಿ ಅನುಕೂಲ. ಕೊಳ್ಳುವಾಗ ದುಬಾರಿಯಾದರೂ ಬೇಕಾದಷ್ಟೇ ದುಡಿಯುವುದು ಅದರ ಗುಣ.

ಶ್ರೀನಿವಾಸಪುರ: ಎಷ್ಟು ತಂಪು ಸಾಕು?

ಮೇ, ಜೂನ್‌ನಲ್ಲಿ ಶ್ರೀನಿವಾಸಪುರಕ್ಕೆ ಹೋಗುವವರಿಗೆ ದಾರಿ ಕೇಳುವ ಅಗತ್ಯವಿಲ್ಲ, ಮಾವಿನ ವಾಸನೆಯೇ ಕರೆದೊಯ್ಯುತ್ತದೆ. ತೋತಾಪುರಿ, ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂ. ಮಂಡಿಗಳ ಮುಂದೆ ಲಾರಿಗಳ ಸಾಲು. ತೋತಾಪುರಿಯ ದೊಡ್ಡ ಪಾಲು ಗಡಿಯಾಚೆ ಚಿತ್ತೂರಿನ ತಿರುಳಿನ ಕಾರ್ಖಾನೆಗಳಿಗೆ ಹೋಗುತ್ತದೆ.

ಮಾವು ಇಲ್ಲಿ ಒಂದು ಸೂಕ್ಷ್ಮ ಪಾಠ ಹೇಳುತ್ತದೆ. ಹಾಲು ಕೆಡದಿರಲು 4 ಡಿಗ್ರಿಗೆ ಇಳಿಸಬೇಕು. ಆದರೆ ಮಾವನ್ನು ಅಷ್ಟು ತಣಿಸಿದರೆ ಸಿಪ್ಪೆ ಕಪ್ಪಿಟ್ಟು, ಹಣ್ಣಾಗದೆ ಹಾಳಾಗುತ್ತದೆ. ಅದಕ್ಕೆ ಸುಮಾರು 13 ಡಿಗ್ರಿಯೇ ಹದ. ಕೋಲಾರದ ಮಾರುಕಟ್ಟೆಗೆ ರಾಶಿ ರಾಶಿ ಬರುವ ಟೊಮೆಟೊದ ಕಾಯಿಗೂ ಹೆಚ್ಚು ಕಡಿಮೆ ಅಷ್ಟೇ. ತಂಪು ಹೆಚ್ಚಾದಷ್ಟೂ ಒಳ್ಳೆಯದೆಂಬುದು ತಪ್ಪು. ಪ್ರತಿಯೊಂದಕ್ಕೂ ಅದರದೇ ಹದವಿದೆ.

ಮನುಷ್ಯನಿಗೂ ಇದೆ. 18 ಡಿಗ್ರಿಗೆ ಯಂತ್ರ ತಿರುಗಿಸಿ, ಒಳಗೆ ಶಾಲು ಹೊದ್ದು ಕೂರುವ ಕಚೇರಿಗಳಿಗೇನೂ ಬರವಿಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ಕರೆಂಟು ಉಳಿಯುತ್ತದೆಂಬುದು ಕೇಂದ್ರದ ಇಂಧನ ದಕ್ಷತೆ ಬ್ಯೂರೋ ಹೇಳುವ ಲೆಕ್ಕ. 2020ರ ಜನವರಿಯಿಂದ ಹೊಸ ಕೋಣೆ ಏ.ಸಿ.ಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವಿದೆ. ಫ್ಯಾನೂ ತಿರುಗುತ್ತಿದ್ದರೆ 26 ಡಿಗ್ರಿಯಲ್ಲೂ ಈ ಸೀಮೆಯವರಿಗೆ ಹಿತವೇ.

ಈ ಲೆಕ್ಕಗಳನ್ನೆಲ್ಲ ಬಲ್ಲ ಕೈಗಳಿಗೆ ಇಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐ.ಟಿ.ಐ.ಗಳಲ್ಲಿ ರೆಫ್ರಿಜರೇಷನ್ ಮತ್ತು ಏರ್‌ಕಂಡೀಷನಿಂಗ್ ಕೆಲಸದ ಎರಡು ವರ್ಷದ ತರಬೇತಿ ಇದೆ. ಮಗನೋ ಮಗಳೋ ಎಂಜಿನಿಯರೇ ಆಗಬೇಕೆಂದು ಹಟ ಹಿಡಿಯುವ ಮನೆಯವರು ಇದನ್ನೂ ಒಮ್ಮೆ ಯೋಚಿಸಬಹುದು. ಬರಿಯ ಅನಿಲ ತುಂಬುವವನಿಗಿಂತ, ಮೊದಲು ತಾರಸಿ ಹತ್ತಿ ಬಿಸಿಲು ಎಲ್ಲಿ ಬೀಳುತ್ತದೆಂದು ನೋಡುವ, ಆಮೇಲೆ ಸಂಪಿನ ಮುಚ್ಚಳ ತೆಗೆದು ನೀರು ಎಷ್ಟಿದೆಯೆಂದು ಇಣುಕುವ ಕುಶಲಕರ್ಮಿ ಈ ನಾಡಿಗೆ ಬೇಕಾದವನು.

ಶ್ರೀನಿವಾಸಪುರದಿಂದ ಕೋಲಾರಕ್ಕೆ ಮರಳುವ ಬಸ್ಸು ಮಾವಿನ ತೋಪುಗಳ ನಡುವೆ ಸಾಗುವಾಗ ಸಂಜೆಯಾಗಿರುತ್ತದೆ. ಕಿಟಕಿಯಿಂದ ತಂಗಾಳಿ ಬೀಸತೊಡಗುತ್ತದೆ. ಅದಕ್ಕೆ ಬಿಲ್ಲಿಲ್ಲ, ಟ್ಯಾಂಕರೂ ಬೇಡ. ಅದು ಒಳಗೆ ಬರುವಂತೆ ಒಂದು ಕಿಟಕಿ ಬಿಟ್ಟು ಕಟ್ಟಿದ ಕಟ್ಟಡಕ್ಕೆ ಅರ್ಧ ಏ.ಸಿ. ಆಗಲೇ ಸಿಕ್ಕಂತೆ.