ಒಂದು ಕಾಲೊನಿಗೆ ನಾನು ಬರೆದ ಕಾರಣ

ಲಸಿಕೆ ತುಂಬುವ ಕೋಣೆಯಲ್ಲಿ ಸೀಸೆಗಳ ಬಾಯಿ ತೆರೆದಿರುವ ಜಾಗವನ್ನು ‘ಗ್ರೇಡ್ ಎ’ ಎನ್ನುತ್ತೇವೆ. ಹೆಪಾ ಫಿಲ್ಟರಿನಲ್ಲಿ ಸೋಸಿದ ಗಾಳಿ ಅಲ್ಲಿ ಒಂದೇ ದಿಕ್ಕಿಗೆ ಹರಿಯುತ್ತಿರುತ್ತದೆ. ಕೆಲಸ ನಡೆಯುವಷ್ಟು ಹೊತ್ತೂ ಸೂಕ್ಷ್ಮಜೀವಿಗಳು ಬೆಳೆಯಬಲ್ಲ ಅಗಾರ್ ಪ್ಲೇಟುಗಳನ್ನು ತೆರೆದಿಟ್ಟು, ಆಮೇಲೆ ಇನ್‌ಕ್ಯುಬೇಟರಿನಲ್ಲಿ ಇಟ್ಟು ಕಾಯುತ್ತೇವೆ. ಅವುಗಳಲ್ಲಿ ಏನೂ ಬೆಳೆಯಬಾರದು. ಒಂದೇ ಒಂದು ಕಾಲೊನಿ, ಅಂದರೆ ಸೂಕ್ಷ್ಮಜೀವಿಗಳ ಒಂದು ಚುಕ್ಕೆ, ಕಂಡರೂ ತನಿಖೆಯಾಗಬೇಕು.

ನಾನು ಒಂದು ಲಸಿಕಾ ಘಟಕದ ಮೈಕ್ರೋಬಯಾಲಜಿ ವಿಭಾಗದ ಹೊಣೆ ಹೊತ್ತಿದ್ದಾಗ ಅಂಥ ಒಂದು ಕಾಲೊನಿ ಬಂತು. ಗ್ರಾಮ್ ಸ್ಟೇನ್ ಮಾಡಿದಾಗ ಗುಂಡಗಿನ ಬ್ಯಾಕ್ಟೀರಿಯಾ, ಮನುಷ್ಯರ ಚರ್ಮದ ಮೇಲೆ ಸಾಮಾನ್ಯವಾಗಿ ಇರುವಂಥದು. ಸಿಕ್ಕ ಜೀವಿ ಯಾವುದೆಂದು ಗೊತ್ತಾದರೆ ಅದು ಎಲ್ಲಿಂದ ಬಂದಿರಬಹುದು ಎಂಬ ಸುಳಿವು ಸಿಗುತ್ತದೆ. ಬ್ಯಾಸಿಲಸ್ ಆದರೆ ಮಣ್ಣು, ರಟ್ಟಿನ ಪೆಟ್ಟಿಗೆ. ಸ್ಯೂಡೊಮೊನಾಸ್ ಆದರೆ ನೀರು. ಇದು ಮಾತ್ರ ಮನುಷ್ಯನದು. ಹಾಗಾದರೆ ತುಂಬುವ ಕೋಣೆಯಲ್ಲಿದ್ದವರದೋ, ನಮ್ಮ ಲ್ಯಾಬಿನಲ್ಲಿ ಪ್ಲೇಟ್ ಮುಟ್ಟಿದವರದೋ?

ಮೊದಲನೆಯದು ನಿಜವಾದರೆ ಆಗ ತುಂಬಿದ ಸೀಸೆಗಳ ಇಡೀ ಲಾಟ್ ತಡೆಹಿಡಿಯಬೇಕು, ಯಂತ್ರ ನಿಲ್ಲಿಸಬೇಕು, ಮೇಲಿನವರಿಗೆ ಉತ್ತರ ಕೊಡಬೇಕು. ನಾನು ಎರಡನೆಯದನ್ನು ಆರಿಸಿಕೊಂಡೆ. “ಸರ್, ನಾನು ಮುಚ್ಚಳ ತೆಗೆದೇ ಇಲ್ಲ” ಎಂದಳು ಪ್ಲೇಟ್ ಓದಿದ ಹುಡುಗಿ. ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ನಾನು ಆಕೆಯ ಮಾತಿಗೆ ಬೆಲೆ ಕೊಡಲಿಲ್ಲ. ‘ಪ್ರಯೋಗಾಲಯದ ದೋಷ, ಸಿಬ್ಬಂದಿಗೆ ಮರುತರಬೇತಿ’ ಎಂದು ಬರೆದು ಫೈಲ್ ಮುಚ್ಚಿದೆ. ಅದಕ್ಕೆ ನನ್ನ ಬಳಿ ಯಾವ ಆಧಾರವೂ ಇರಲಿಲ್ಲ.

ಲಾಟ್ ಸ್ಟೆರಿಲಿಟಿ ಪರೀಕ್ಷೆಯಲ್ಲಿ ಪಾಸಾಗಿದೆಯಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಈ ಪರೀಕ್ಷೆಯ ಮಿತಿ ನನಗೆ ಗೊತ್ತಿಲ್ಲದ್ದೇನಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು, ಏಕೆಂದರೆ ಪಾತ್ರೆಯ ಅಗುಳೆಲ್ಲ ಒಂದೇ ಹದಕ್ಕೆ ಬೆಂದಿರುತ್ತವೆ. ಲಸಿಕೆಯ ಸೀಸೆಗಳು ಹಾಗಲ್ಲ. ಸಾವಿರದಲ್ಲಿ ಒಂದೆರಡು ಮಾತ್ರ ಕೆಟ್ಟಿರಬಹುದು. ದೊಡ್ಡ ಲಾಟ್ ಒಂದರಿಂದ ಸಾಮಾನ್ಯವಾಗಿ 20 ಸೀಸೆ ತೆಗೆದು 14 ದಿನ ಬೆಳೆಸಿ ನೋಡುತ್ತೇವೆ. ನೂರಕ್ಕೆ ಒಂದು ಸೀಸೆ ಕೆಟ್ಟಿದ್ದರೂ ಆ ಲಾಟ್ ಪಾಸಾಗುವ ಸಾಧ್ಯತೆ ಶೇ. 82ರಷ್ಟು. ಸರಳ ಗುಣಾಕಾರದ ಲೆಕ್ಕ ಇದು. ತರಬೇತಿಗೆ ಬಂದವರಿಗೆ ಬೋರ್ಡಿನ ಮೇಲೆ ನಾನೇ ಮಾಡಿ ತೋರಿಸುತ್ತಿದ್ದೆ.

ಮುಂದಿನ ಮೀಡಿಯಾ ಫಿಲ್‌ನಲ್ಲಿ ಎಲ್ಲ ಹೊರಬಿತ್ತು. ಲಸಿಕೆಯ ಬದಲು ಬ್ಯಾಕ್ಟೀರಿಯಾ ಬೆಳೆಯುವ ಪೋಷಕ ದ್ರಾವಣವನ್ನೇ ಸಾವಿರಾರು ಸೀಸೆಗಳಿಗೆ ತುಂಬಿ ನೋಡುವ ಪರೀಕ್ಷೆ ಅದು. ಒಂದು ಸೀಸೆ ಕದಡಿತು. ಅದರಲ್ಲಿದ್ದದ್ದು ಅದೇ ಜಾತಿಯ ಬ್ಯಾಕ್ಟೀರಿಯಾ. ಯಂತ್ರದ ಸುತ್ತಲಿನ ಗಾಜಿನ ತಡೆಗೋಡೆಗೆ ಜೋಡಿಸಿದ್ದ ಒಂದು ಕೈಗವಸಿನಲ್ಲಿ, ಬೆರಳಿನ ಬುಡದಲ್ಲಿ, ಸೂಜಿಮೊನೆಯಷ್ಟು ತೂತು ಸಿಕ್ಕಿತು. ಕಾಲೊನಿ ಬಂದ ದಿನವೂ ಅದೇ ಕೈಗವಸು ಬಳಕೆಯಲ್ಲಿತ್ತು ಎಂದು ದಾಖಲೆ ಹೇಳಿತು. ಹಿಂದಿನ ಯಶಸ್ವಿ ಮೀಡಿಯಾ ಫಿಲ್‌ನಿಂದ ಈಚೆಗೆ ತುಂಬಿದ ಲಾಟ್‌ಗಳೆಲ್ಲ ಅನುಮಾನಕ್ಕೆ ಒಳಗಾದವು. ಗೋದಾಮಿನಲ್ಲಿದ್ದವನ್ನು ನಾಶ ಮಾಡಿದೆವು, ಹೊರಗೆ ಹೋಗಿದ್ದನ್ನು ವಾಪಸ್ ತರಿಸಿದೆವು. ಯಾರಿಗೂ ತೊಂದರೆಯಾದ ವರದಿ ಬರಲಿಲ್ಲ. ಆದರೆ ಅದು ನನ್ನ ಎಚ್ಚರಿಕೆಯಿಂದ ಆದದ್ದಲ್ಲ.

ಕೇಂದ್ರ ಮತ್ತು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು ಜೊತೆಯಾಗಿ ತಪಾಸಣೆಗೆ ಬಂದರು. ಯಂತ್ರದ ಹತ್ತಿರ ಹೋಗುವ ಮೊದಲೇ ಅವರು ಕೇಳಿದ್ದು ಲೋಪಗಳನ್ನು ದಾಖಲಿಸುವ ಡೀವಿಯೇಶನ್ ಫೈಲುಗಳನ್ನು. ‘ಪ್ರಯೋಗಾಲಯದ ದೋಷ’ ಎಂದು ಮುಚ್ಚಿದ್ದ ವರದಿಗಳನ್ನಷ್ಟೇ ಆರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟ ಹಿರಿಯ ಅಧಿಕಾರಿಯೊಬ್ಬರು, “ಇವಕ್ಕೆ ಆಧಾರ ತೋರಿಸಿ” ಎಂದರು. ನನಗೆ ತೋರಿಸಲಾಗಲಿಲ್ಲ. ತಪಾಸಕರು ಕಾಗದಕ್ಕೇ ಅಂಟಿಕೊಳ್ಳುತ್ತಾರೆ ಎಂದು ನಮ್ಮಲ್ಲಿ ಅನೇಕರು ದೂರುವುದುಂಟು, ನಾನೂ ದೂರಿದ್ದೇನೆ. ಸ್ಟೆರಿಲಿಟಿಯಂಥ ಕೊನೆಯ ಪರೀಕ್ಷೆ ಕಾಣದ್ದನ್ನು ತಪಾಸಕರು ಹುಡುಕಬೇಕಾದದ್ದು ದಾಖಲೆಯಲ್ಲೇ ಎಂಬುದು ಅಂದು ನನಗೆ ಅರ್ಥವಾಯಿತು. ಅನುಕೂಲದ ಕಾರಣ ಬರೆಯುವ ರೂಢಿ ಒಂದು ಘಟಕದಲ್ಲಿ ಬೇರುಬಿಟ್ಟಿದ್ದರೆ, ಅಲ್ಲಿನ ಯಾವ ಲಾಟನ್ನೂ ಅವರು ನಂಬುವಂತಿಲ್ಲ. ಇಡೀ ಘಟಕವನ್ನೇ ನಂಬದೆ ನಿಲ್ಲಿಸಿದ ಉದಾಹರಣೆ ಇದೆ.

ಬ್ರಿಟನ್ನಿನ ಲಿವರ್‌ಪೂಲ್‌ನಲ್ಲಿದ್ದ ಕೈರಾನ್ ಕಂಪನಿಯ ಕಾರ್ಖಾನೆಯಲ್ಲಿ 2004ರಲ್ಲಿ ಫ್ಲೂ ಲಸಿಕೆಯ ಕೆಲವು ಲಾಟ್‌ಗಳಲ್ಲಿ ಸೆರಾಷಿಯಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಕೆಟ್ಟವನ್ನು ಬದಿಗಿಟ್ಟು ಉಳಿದವನ್ನು ಕಳಿಸುತ್ತೇವೆ ಎಂಬುದು ಕಂಪನಿಯ ನಿಲುವಾಗಿತ್ತು. ಅಕ್ಟೋಬರ್ 5ರಂದು ಬ್ರಿಟನ್ನಿನ ನಿಯಂತ್ರಕರು ಪರವಾನಗಿಯನ್ನೇ ಅಮಾನತಿನಲ್ಲಿಟ್ಟರು. ಅಮೆರಿಕ ಆ ಚಳಿಗಾಲಕ್ಕೆ ನೆಚ್ಚಿಕೊಂಡಿದ್ದ ಲಸಿಕೆಯಲ್ಲಿ ಸುಮಾರು ಅರ್ಧದಷ್ಟು ಇಲ್ಲವಾಯಿತು. ಅಷ್ಟು ದೊಡ್ಡ ಕೊರತೆಯಾಗುತ್ತದೆಂದು ತಿಳಿದೂ ನಿಲ್ಲಿಸಿದ ಆ ನಿರ್ಧಾರ ಸರಿಯಾದದ್ದು ಎಂದೇ ನಾನು ನಂಬುತ್ತೇನೆ.

ಆದರೆ ಆಧಾರವಿಲ್ಲದೆ ದೋಷ ಹೊರಿಸುವುದು ತನಿಖೆ ಮಾಡುವವರಿಂದಲೂ ಆಗುತ್ತದೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೊವಾಲ್‌ನಲ್ಲಿ 107 ಜನರಿಗೆ ವಿಜ್ಞಾನಿ ಹಾಫ್‌ಕಿನ್ ರೂಪಿಸಿದ ಪ್ಲೇಗ್ ಲಸಿಕೆ ಕೊಟ್ಟರು. ಕೆಲವೇ ವರ್ಷ ಮೊದಲು ನಮ್ಮ ಹುಬ್ಬಳ್ಳಿಯಲ್ಲೂ ಸಾವಿರಾರು ಜನ ಹಾಕಿಸಿಕೊಂಡಿದ್ದ ಲಸಿಕೆ ಅದು. 53ಎನ್ ಸಂಖ್ಯೆಯ ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡ 19 ಜನ ಧನುರ್ವಾಯುವಿಗೆ ಬಲಿಯಾದರು. ಲಸಿಕೆ ತಯಾರಾದ ಬಾಂಬೆಯ ಪ್ರಯೋಗಾಲಯದಲ್ಲೇ ಬಾಟಲಿ ಕಲುಷಿತವಾಗಿತ್ತು ಎಂದಿತು ವಿಚಾರಣಾ ಆಯೋಗ. ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ಆದರೆ ಅಂದು ಬಿರಡೆ ತೆಗೆಯುವ ಇಕ್ಕುಳ ಹಳ್ಳಿಯ ನೆಲಕ್ಕೆ ಬಿದ್ದಿತ್ತು; ಅದನ್ನು ಸರಿಯಾಗಿ ಶುದ್ಧ ಮಾಡದೆ ಬಳಸಿದ್ದರು. ಧನುರ್ವಾಯುವಿನ ಬೀಜಕಣ ಇರುವುದು ಮಣ್ಣಿನಲ್ಲಿ. ವಿಜ್ಞಾನಿ ರೊನಾಲ್ಡ್ ರಾಸ್ ಮತ್ತಿತರರು ಬಹಿರಂಗವಾಗಿ ವಾದಿಸಿದ ಮೇಲೆ, 1907ರಲ್ಲಿ, ಹಾಫ್‌ಕಿನ್ ದೋಷಮುಕ್ತರಾದರು.

ನಾನು ಆ ಹುಡುಗಿಗೆ ಮಾಡಿದ್ದೂ ಇಂಥದೇ ಅನ್ಯಾಯ. ಆಕೆಯ ಕ್ಷಮೆ ಕೇಳಿದೆ, ಮರುತರಬೇತಿಯ ಟಿಪ್ಪಣಿಯ ಪಕ್ಕದಲ್ಲಿ ನಿಜ ಕಾರಣವನ್ನು ಸಹಿ ಹಾಕಿ ಬರೆದೆ. ಈ ವೃತ್ತಿಗೆ ಬರುತ್ತಿರುವ ಕಿರಿಯರಲ್ಲಿ ನನ್ನದೊಂದು ಕೋರಿಕೆ. ಕಾರಣ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ, ಫೈಲ್ ತೆರೆದೇ ಇರಲಿ, ಲಾಟ್ ತಡವಾಗಲಿ. ಪ್ಲೇಟ್ ಓದಿದವರು ‘ನಾನು ಮುಟ್ಟಿಲ್ಲ’ ಎಂದರೆ ಮೊದಲು ಕೈಗವಸು ಪರೀಕ್ಷಿಸಿ.